ನಾಲ್ವರು ಹಂಚಿಕೊಂಡ ಗಣಿತ

ಮಡಕಶಿರದ ಸಂತೆಯಲ್ಲಿ ಟಾರ್ಪಾಲಿನ ಮೇಲೆ ಜೀನ್ಸ್ ಪ್ಯಾಂಟುಗಳನ್ನು ಗುಡ್ಡೆ ಹಾಕಿಕೊಂಡು ಒಬ್ಬ ಮಾರುತ್ತಿದ್ದ. ಮಗನಿಗೆ ಒಂದು ನೋಡೋಣವೆಂದು ಬಗ್ಗಿದೆ. ಹೊಸ ಬಟ್ಟೆಯ ಗಂಜಿ, ನೀಲಿ ಬಣ್ಣ, ಅದರ ಅಡಿಯಲ್ಲಿ ತೆಳುವಾಗಿ ಮಿಷನ್ ಎಣ್ಣೆಯ ವಾಸನೆ. ಮೂಗಿಗೆ ಬಡಿದದ್ದೇ ತಡ, ಕೈ ನಿಂತುಹೋಯಿತು.

"ರಾಯದುರ್ಗದ ಮಾಲು ಮೇಡಂ, ಬಣ್ಣ ಬಿಡಲ್ಲ. ಬಿಟ್ರೆ ತಂದು ನನ್ನ ಮುಖಕ್ಕೆ ಹಾಕಿ," ಎಂದ.

ನಾನು ಪ್ಯಾಂಟಿನ ಜೇಬನ್ನು ಹೊರಕ್ಕೆಳೆದು, ಅದರ ಮೂಲೆಯ ಹೊಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದೆ.

"ಎಲ್ರೂ ಜಿಪ್ ನೋಡ್ತಾರೆ. ನೀವೇನು ಜೇಬಲ್ಲಿ ಹುಡುಕ್ತೀರಾ? ಹಿಂದಿನೋರು ಏನಾದ್ರೂ ಬಿಟ್ಟೋಗವ್ರಾ?" ಎಂದು ಅವನು ನಕ್ಕ. ಪಕ್ಕದ ಈರುಳ್ಳಿಯವಳೂ ನಕ್ಕಳು. ನಾನು ಪ್ಯಾಂಟನ್ನು ಮಡಿಸಿಟ್ಟು ಎದ್ದೆ.

ರಾಯದುರ್ಗದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ, ಕನ್ನಡ ಮಾಧ್ಯಮದ ಮಕ್ಕಳಿಗೆ ನಾನು ನಾಲ್ಕು ವರ್ಷ ಗಣಿತ ಕಲಿಸಿದೆ. ಈಗ ನಮ್ಮೂರ ಕಡೆಯೇ, ಅಗಳಿಯ ಹತ್ತಿರ ಇದ್ದೇನೆ. ಆ ನಾಲ್ಕರಲ್ಲಿ ಮೂರು ವರ್ಷ ಒಂದರೊಳಗೊಂದು ಬೆರೆತುಹೋಗಿವೆ. ಕೊನೆಯ ವರ್ಷ ಮಾತ್ರ ಬಿಡಿಬಿಡಿಯಾಗಿ ಉಳಿದಿದೆ. ಅದನ್ನು ಇದ್ದ ಹಾಗೆ ಬರೆಯಬೇಕು. ನನಗೆ ಅನುಕೂಲವಾಗುವಂತೆ ಬರೆಯಬಾರದು.

ಆ ವರ್ಷ ಶಾಲೆ ಶುರುವಾಗುವ ಮೊದಲು ನಮಗೊಂದು ತರಬೇತಿ ಇತ್ತು. ಮಕ್ಕಳನ್ನು ನಾಲ್ಕು ನಾಲ್ಕು ಜನರ ಗುಂಪು ಮಾಡಿ. ಚುರುಕಾದವರು ಒಬ್ಬರು, ನಡುವಿನವರು ಇಬ್ಬರು, ಹಿಂದೆ ಬಿದ್ದವರು ಒಬ್ಬರು. ಬಂದವರು ಬಾರದವರಿಗೆ ಕಲಿಸಲಿ. ಅಂಕ ಇಡೀ ಗುಂಪಿಗೆ ಒಂದೇ. ಆದರೆ ಉತ್ತರ ಹೇಳುವವರು ಯಾರೆಂದು ಚೀಟಿ ಎತ್ತಿ ನಿರ್ಧರಿಸಬೇಕು. ಯಾರ ಹೆಸರು ಬಂದರೂ ಹೇಳುವಂತಿದ್ದರೆ ಮಾತ್ರ ಗುಂಪು ಕಲಿತಿದೆ ಎಂದು ಅರ್ಥ. ಕಲಿಸಲು ಬಂದಿದ್ದ ಹಿರಿಯ ಮೇಷ್ಟ್ರು ಕೊನೆಯ ದಿನ ಮತ್ತೆ ಹೇಳಿದರು: "ಬೇರೆ ಏನು ಬಿಟ್ಟರೂ ಪರವಾಗಿಲ್ಲ, ಚೀಟಿ ಬಿಡಬೇಡಿ."

ನಾನು ಬಿಸ್ಕತ್ತಿನ ಒಂದು ತಗಡಿನ ಡಬ್ಬಿ ಹುಡುಕಿ, ಹತ್ತನೇ ತರಗತಿಯ ಎಲ್ಲರ ಹೆಸರನ್ನೂ ಚೀಟಿಗಳಲ್ಲಿ ಬರೆದು ಹಾಕಿದೆ.

ಮಳೆಯ ತಿಂಗಳುಗಳಲ್ಲೂ ರಾಯದುರ್ಗದಲ್ಲಿ ಗಾಳಿಯೇ ಹೆಚ್ಚು. ಕೋಟೆಯ ಬೆಟ್ಟದ ಬಂಡೆಗಳು ಹಗಲೆಲ್ಲ ಕಾದು ಸಂಜೆ ಊರಿನ ಮೇಲೆ ಬಿಸಿ ಬಿಡುತ್ತವೆ. ಕಿಟಕಿ ತೆರೆದರೆ ಧೂಳು, ಮುಚ್ಚಿದರೆ ಸೆಕೆ. ತೆರೆದ ದಿನ ಆಚೆ ಓಣಿಯ ಹೊಲಿಗೆ ಮಿಷನ್‌ಗಳ ಸದ್ದು ಪಾಠದೊಳಗೆ ಬಂದು ಕೂತಿರುತ್ತಿತ್ತು. ಆ ಓಣಿಯಲ್ಲಿ ಮನೆಮನೆಗೂ ಮಿಷನ್. ನನ್ನ ತರಗತಿಯ ಮುಕ್ಕಾಲು ಮಕ್ಕಳು ಆ ಮನೆಗಳವರೇ. ಬೆಳಗ್ಗೆ ಕೂದಲಲ್ಲಿ ನೀಲಿ ನೂಲಿನ ತುಣುಕು ಸಿಕ್ಕಿಸಿಕೊಂಡೇ ಬರುತ್ತಿದ್ದರು.

ಗೌರಿ ಅವರಲ್ಲೊಬ್ಬಳು. ಅಪ್ಪ ತಿಪ್ಪೇಸ್ವಾಮಿ ಕಟಿಂಗ್ ಮಾಸ್ಟರ್. ಅವ್ವ ಮನೆಯಲ್ಲಿ ಜೇಬು ಹೊಲಿಯುತ್ತಿದ್ದರು. ಒಂಬತ್ತನೇ ತರಗತಿಯವರೆಗೆ ಗೌರಿಯೂ ಶಾಲೆಗೆ ಮೊದಲು ಒಂದಿಷ್ಟು, ಶಾಲೆಯಿಂದ ಹೋದ ಮೇಲೆ ಒಂದಿಷ್ಟು ಜೇಬು ಹೊಲಿದುಕೊಡುತ್ತಿದ್ದಳು. ಜೂನ್‌ನಲ್ಲಿ ನಾನು ಅವರ ಮನೆಗೆ ಹೋಗಿ, ಈ ಒಂದು ವರ್ಷ ಅವಳನ್ನು ಮಿಷನ್ನಿಗೆ ಕೂರಿಸಬೇಡಿ ಎಂದು ಕೇಳಿದೆ.

ತಿಪ್ಪೇಸ್ವಾಮಿ ಕತ್ತರಿಯನ್ನು ಕೆಳಗಿಟ್ಟು ಮಾತಾಡಿದರು. "ಟೀಚರ್, ನಾನು ಓದಿಸಬಾರದು ಅನ್ನೋನಲ್ರಿ. ಒಂದ್ ಸಲ ನೋಡ್ತೀನಿ. ಹತ್ತು ಪಾಸಾದ್ಲು ಅಂದ್ರ ಮುಂದ ಇಂಟರ್ ಕಾಲೇಜಿಗೆ ಹಾಕ್ತೀನಿ, ಅಕಿ ಎಲ್ಲಿತನಾ ಓದ್ತಾಳ ಓದ್ಲಿ. ಆಗಲಿಲ್ಲಾಂದ್ರ ಮತ್ತ ಬಂದು ಕೇಳಬಾರದು ನೀವು."

"ಪಾಸಾಗ್ತಾಳೆ ಅಣ್ಣಾ. ಗ್ಯಾರಂಟಿ ನಂದು," ಎಂದೆ.

"ಗ್ಯಾರಂಟಿ ಅಂದ್ರಲ್ಲ, ಸಾಕು ಬಿಡ್ರಿ," ಎಂದು ಗಂಡ ಬಾಯಿ ತೆರೆಯುವ ಮೊದಲೇ ಅವ್ವ ಹೇಳಿ, ಮಗಳ ಪಾಲಿನ ಜೇಬುಗಳ ಕಟ್ಟನ್ನು ತನ್ನ ಕಡೆ ಎಳೆದುಕೊಂಡರು. "ಇದೂ ನಾನ ಹೊಲೀತೀನಿ. ನೀ ಏಳು, ಪುಸ್ತಕ ಹಿಡಿ."

ಗೌರಿಯ ಗುಂಪಿನಲ್ಲಿ ಸುಮ, ಮಲ್ಲಿಕ, ರೇಣುಕ ಇದ್ದರು. ನಾಲ್ವರೂ ಒಂದೇ ಓಣಿಯವರು. ರೇಣುಕ ಗಣಿತವೆಂದರೆ ಬೆವರುವ ಹುಡುಗಿ. ಎರಡನೇ ವಾರ ಡಬ್ಬಿಯಿಂದ ಅವಳ ಚೀಟಿ ಬಂತು. ಬೋರ್ಡಿನ ಮುಂದೆ ನಿಂತಳು. ಸೀಮೆಸುಣ್ಣ ಹಿಡಿದ ಕೈ ಮೇಲೇಳಲಿಲ್ಲ. ಹಿಂದಿನ ಬೆಂಚಿನ ಹುಡುಗರು "ಏ, ಕರೆಂಟ್ ಹೋತು ನೋಡಲೇ" ಎಂದರು. ಅವಳು ಅತ್ತಳು. ಗುಂಪಿಗೆ ಸೊನ್ನೆ ಬಿತ್ತು. ಮರುದಿನ ಅವಳು ಶಾಲೆಗೆ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಮೂರನೆಯ ದಿನ ಉಳಿದ ಮೂವರು ಹೋಗಿ ಕರೆತಂದರು.

ನನಗೆ ನೋವಾಯಿತು. ಅದು ನಿಜವಾದ ನೋವೇ, ಅನುಮಾನವಿಲ್ಲ. ಡಬ್ಬಿಯನ್ನು ಬೀರುವಿನ ಮೇಲಿಟ್ಟೆ. "ಗುಂಪಿನಿಂದ ಯಾರಾದರೂ ಒಬ್ಬರು ಬಂದು ಹೇಳಿ" ಎಂದು ನಿಯಮವನ್ನು ಬದಲಿಸಿದೆ. ಒಂದು ಮಗು ಅಳಬಾರದು ಎಂಬುದಷ್ಟೇ ಆಗ ನನ್ನ ಮನಸ್ಸಿನಲ್ಲಿದ್ದದ್ದು.

ಅಲ್ಲಿಂದ ಮುಂದೆ ತರಗತಿ ನೋಡಲು ಚೆಂದವಾಯಿತು. ನಾಲ್ಕು ತಲೆಗಳು ಒಂದು ಪುಸ್ತಕದ ಮೇಲೆ ಬಾಗಿರುತ್ತಿದ್ದವು. ಪ್ರಶ್ನೆ ಕೇಳಿದರೆ ಪ್ರತಿ ಗುಂಪಿನಿಂದಲೂ ಯಾರಾದರೊಬ್ಬರು ಎದ್ದು ಬರುತ್ತಿದ್ದರು. ಗೌರಿಯ ಗುಂಪಂತೂ ಯಾವ ಅಧ್ಯಾಯದಲ್ಲೂ ತಪ್ಪುತ್ತಿರಲಿಲ್ಲ. ಸಮೀಕರಣ ಕೇಳಿದರೆ ಗೌರಿ ಏಳುತ್ತಿದ್ದಳು, ಶ್ರೇಢಿ ಕೇಳಿದರೆ ಸುಮ, ತ್ರಿಕೋನಮಿತಿಗೆ ಮಲ್ಲಿಕ. ಸಂಖ್ಯಾಶಾಸ್ತ್ರದ ಕೋಷ್ಟಕವನ್ನು ರೇಣುಕ ಬೋರ್ಡಿನ ಮೇಲೆ ಅಳುಕದೆ ಬಿಡಿಸಿದ ದಿನ ನನ್ನ ಕಣ್ಣು ತುಂಬಿತು. ವಾರದ ಪರೀಕ್ಷೆಯಲ್ಲೂ ಗುಂಪಿಗೆ ಒಂದೇ ಹಾಳೆ. ಆ ಹಾಳೆಯಲ್ಲಿ ನಾಲ್ಕು ಕೈಬರಹಗಳಿರುತ್ತಿದ್ದವು. ಒಟ್ಟಿಗೆ ದುಡಿದದ್ದರ ಗುರುತು ಎಂದುಕೊಂಡು ಅವುಗಳನ್ನು ಗೋಡೆಗೆ ಅಂಟಿಸಿದೆ.

ಇದಕ್ಕೆ ಹೊರತಾಗಿದ್ದದ್ದು ಬಸವರಾಜನ ಗುಂಪು. ಹಿಂದಿನ ಬೆಂಚಿನ ನಾಲ್ಕು ಹುಡುಗರು. ಅವರಲ್ಲಿ ಒಬ್ಬರನ್ನೊಬ್ಬರು ನಂಬುವವರೇ ಇರಲಿಲ್ಲ. ಒಬ್ಬ ಲೆಕ್ಕ ಮಾಡಿದರೆ ಉಳಿದ ಮೂವರೂ ಅದನ್ನೇ ಮತ್ತೆ ಮಾಡುತ್ತಿದ್ದರು.

"ಯಾಕೋ ಬಸವರಾಜ, ಅವನು ಮಾಡಿದ್ದು ಸರಿ ಇಲ್ವೇನೋ?"

"ಇವನ್ನ ನಂಬಿದ್ರ ಊರು ಸೇರಂಗಿಲ್ರಿ ಟೀಚರ್. ಹ್ವಾದ ವಾರ ಏಳೆಂಟಲೆ ಐವತ್ನಾಕು ಬರ್ದಾನ."

"ನೀ ಏನ್ ಕಡಿಮೀ ಏನಲೇ, ವರ್ಗಮೂಲದಾಗ ನಿನ್ನ ಮಾರಿ ಕಂಡಿತ್ತಲ್ಲ!" ಎಂದು ಇನ್ನೊಬ್ಬ. ಅಷ್ಟರಲ್ಲಿ ಪುಸ್ತಕ ಹಾರುತ್ತಿತ್ತು. ನಾನು ಆ ಗುಂಪಿಗೆ ಗೌರಿಯ ಗುಂಪನ್ನು ತೋರಿಸಿ, "ಅವರನ್ನು ನೋಡಿ ಕಲಿಯಿರಿ ಕಣ್ರೋ" ಎನ್ನುತ್ತಿದ್ದೆ. ನನ್ನ 'ಕಣ್ರೋ' ಕೇಳಿದರೆ ಅವರಿಗೆ ನಗು. ಮಡಕಶಿರದ ಮಾತು ಎಂದು ಅಣಕಿಸುತ್ತಿದ್ದರು.

ನವೆಂಬರಿನಲ್ಲಿ ಶಾಲೆ ನೋಡಲು ಅಧಿಕಾರಿಗಳು ಬಂದರು. ಗೋಡೆಯ ಹಾಳೆಗಳ ಫೋಟೊ ತೆಗೆದುಕೊಂಡರು. ಕಣೇಕಲ್ಲಿನಲ್ಲಿ ಸುತ್ತಲ ಶಾಲೆಗಳ ಗಣಿತ ಶಿಕ್ಷಕರ ಸಭೆ ಕರೆದಾಗ, ಗುಂಪಿನಲ್ಲಿ ಕಲಿಸಿದರೆ ಮಕ್ಕಳು ಹೇಗೆ ಮೇಲೆ ಬರುತ್ತಾರೆಂದು ಮಾತಾಡಲು ನನ್ನನ್ನೇ ಕರೆದರು. ಕೆರೆಯ ಏರಿಯ ಮೇಲೆ ಬಸ್ಸು ಹೋಗುವಾಗ ಗದ್ದೆಗಳ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ತೊಡೆಯ ಮೇಲೆ ಸುರುಳಿ ಸುತ್ತಿದ ಚಾರ್ಟು. ಅಂದು ನಾನು ಸಂತೋಷವಾಗಿದ್ದೆ. ಸಭೆಯಲ್ಲಿ ಬೆಳುಗುಪ್ಪದ ಕಡೆಯ ಹಿರಿಯ ಶಿಕ್ಷಕರೊಬ್ಬರು ಎದ್ದು, "ಅಮ್ಮಾ, ಚೀಟಿ ಎತ್ತತೀರೇನು?" ಎಂದು ಕೇಳಿದರು.

"ಮಕ್ಕಳಿಗೆ ಭಯವಾಗಬಾರದು ಸಾರ್," ಎಂದೆ. ಎಲ್ಲರೂ ತಲೆಯಾಡಿಸಿದರು. ಅವರು ಮಾತ್ರ ಆಡಿಸಲಿಲ್ಲ.

ಡಿಸೆಂಬರಿನ ಒಂದು ಬೆಳಗ್ಗೆ ಗೌರಿಯನ್ನು ಕರೆದು ಶ್ರೇಢಿಯ ಸುಲಭದ ಒಂದು ಲೆಕ್ಕ ಕೊಟ್ಟೆ. ಅವಳು ಹಾಳೆಯನ್ನು ಹಾಗೇ ವಾಪಸು ಕೊಟ್ಟಳು. "ಸುಮ ಇವತ್ತು ಬಂದಿಲ್ರಿ ಟೀಚರ್" ಎಂದಳು. ಅವರ ಒಗ್ಗಟ್ಟು ಎಷ್ಟೆಂದರೆ ಒಬ್ಬಳು ಇಲ್ಲದಿದ್ದರೆ ಇನ್ನೊಬ್ಬಳಿಗೆ ಕೈ ಓಡುವುದಿಲ್ಲ ಎಂದು ಭಾವಿಸಿ, ಆ ಮಾತನ್ನು ನನ್ನ ದಿನಚರಿಯಲ್ಲಿ ಬರೆದುಕೊಂಡೆ. ಆ ಪುಟ ಈಗಲೂ ಇದೆ. ಕೆಳಗೆ ಕೆಂಪು ಗೆರೆಯನ್ನೂ ಎಳೆದಿದ್ದೇನೆ.

ಫೆಬ್ರವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಎಲ್ಲರೂ ಬೇರೆ ಬೇರೆ ಹಾಳೆಯಲ್ಲಿ ಬರೆಯಬೇಕಿತ್ತು. ಕೋಣೆಗಳು ಸಾಲದೆ ಮಕ್ಕಳನ್ನು ಅವರವರ ಬೆಂಚಿನಲ್ಲೇ ಕೂರಿಸಿದೆವು. ಅಂದು ಕೋಣೆಯಲ್ಲಿದ್ದವಳು ನಾನೇ. ಗೌರಿಯ ಬೆಂಚಿನ ಕೆಳಗೆ ಒಂದು ಹಾಳೆ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಸರಿಯುತ್ತಿದ್ದದ್ದು ನನಗೆ ಕಂಡಿತು. ಕಾಣಲಿಲ್ಲ ಎಂದು ಇಷ್ಟು ವರ್ಷ ಬೇರೆಯವರಿಗೆ ಹೇಳಿದ್ದೇನೆ. ಕಂಡಿತು. ನಾನು ಕಿಟಕಿಯ ಕಡೆ ತಿರುಗಿ ಬೆಟ್ಟ ನೋಡುತ್ತ ನಿಂತೆ. ನಾಲ್ವರಿಗೂ ಒಳ್ಳೆಯ ಅಂಕ ಬಂದವು.

ಮಾರ್ಚಿನಲ್ಲಿ ಬಿಸಿಲು ಏರಿ, ಕೆಳಗಿನ ತರಗತಿಗಳಿಗೆ ಒಂಟಿಪೂಟ ಶಾಲೆ ಶುರುವಾಯಿತು. ಬೆಳಗಿನ ಹೊತ್ತಷ್ಟೇ ಪಾಠ. ಹತ್ತನೇ ತರಗತಿಯ ಪರೀಕ್ಷೆ ಊರಿನ ಇನ್ನೊಂದು ಕಡೆ, ಬೇರೊಂದು ಶಾಲೆಯಲ್ಲಿ. ಗಣಿತದ ದಿನ ನಾನು ಗೇಟಿನ ಆಚೆ ಬೇವಿನ ಮರದ ಕೆಳಗೆ ಕಾದು ನಿಂತಿದ್ದೆ. ಗೌರಿಯ ಅವ್ವನೂ ಬಂದಿದ್ದರು, ಸೆರಗಿನಲ್ಲಿ ಒಂದು ಮಜ್ಜಿಗೆ ಬಾಟಲಿ ಮುಚ್ಚಿಕೊಂಡು. ಅವರ ಕಣ್ಣು ಕೆಂಪಗಿತ್ತು. ಮಕ್ಕಳು ಹೊರಬಂದಾಗ ಪಕ್ಕದಿಂದ ಹೋದ ಮಗಳ ಗುರುತು ಅವರಿಗೆ ಹತ್ತಲಿಲ್ಲ. ನಾನೇ ಕೂಗಿ ಕರೆದೆ.

"ಹೇಗಾಯ್ತಮ್ಮ?"

"ಚಲೋ ಆತ್ರಿ ಟೀಚರ್. ನನ್ನ ಪಾಲಿಂದು ಒಂದೂ ಬಿಟ್ಟಿಲ್ಲ."

"ನಿನ್ನ ಪಾಲು ಅಂದ್ರೆ?"

"ಸಮೀಕರಣದ್ದು."

"ಉಳಿದದ್ದು?"

ಅವಳು ನನ್ನನ್ನು ನೋಡಿದಳು. ಟೀಚರಿಗೆ ಇದು ತಿಳಿಯದೆ ಇರುವುದು ಹೇಗೆ ಎಂಬ ನೋಟ. "ಉಳಿದದ್ದು ಅವ್ರದ್ರಿ. ಶ್ರೇಢಿ ಸುಮಂದು, ತ್ರಿಕೋನ ಮಲ್ಲಿಕಂದು, ರೇಣುಕಗ ಸಸಾರದ್ದು ಇರ್ಲಿ ಅಂತ ಸಂಖ್ಯಾಶಾಸ್ತ್ರ ಕೊಟ್ಟಿದ್ವಿ. ದಸರಾಕ್ಕಿಂತ ಮೊದ್ಲ ಹಂಚ್ಕಂಡಿದ್ವಿ."

"ಯಾಕಮ್ಮ ಹಂಚಿಕೊಂಡ್ರಿ?"

"ಪ್ಯಾಂಟ್ ಹಂಗ ಅಲ್ಲೇನ್ರಿ ಹೊಲಿಯೋದು? ಅಪ್ಪ ಕಟ್ ಮಾಡ್ತಾನ, ನಾವು ಜೇಬು, ಸುಮನ ಮನಿಯಾಗ ಜಿಪ್ಪು, ಮಲ್ಲಿಕನ ಮನಿಯಾಗ ಸೊಂಟದ ಪಟ್ಟಿ, ರೇಣುಕನ ಅಜ್ಜಿ ದಾರ ಕತ್ತರಸ್ತಾಳ. ಒಬ್ರ ಪೂರ್ತಿ ಹೊಲಿಯೋರು ನಮ್ಮ ಓಣ್ಯಾಗ ಯಾರೂ ಇಲ್ರಿ. ನೀವೂ ಗುಂಪಿಗೆ ಒಂದ ಹಾಳಿ ಅಂದ್ರಿ, ಒಂದ ಮಾರ್ಕು ಅಂದ್ರಿ." ಅವಳು ಪರೀಕ್ಷೆ ನಡೆದ ಕಟ್ಟಡದ ಕಡೆ ತಿರುಗಿದಳು. "ಒಳಗ ಯಾರ್ಯಾರ ನಂಬರ್ ಎಲ್ಲೆಲ್ಲೋ ಬಿದ್ದಿದ್ವು ಟೀಚರ್. ಸುಮ ಬ್ಯಾರೆ ರೂಮಿನಾಗ ಇದ್ಲು."

ಅವಳು ಆ ಕೊನೆಯ ಮಾತನ್ನು ನಗುತ್ತಲೇ ಶುರುಮಾಡಿದ್ದಳು. ಮುಗಿಸುವ ಹೊತ್ತಿಗೆ ಅವಳ ಮುಖದಲ್ಲಿ ಏನೋ ಕದಲಿತು. ಅವ್ವ ಮಜ್ಜಿಗೆ ಬಾಟಲಿಯ ಮುಚ್ಚಳ ತೆಗೆಯಲು ಹೆಣಗುತ್ತಿದ್ದರು. "ಕುಡಿ, ಬಾಯಿ ಒಣಗೈತಿ," ಎಂದರು. ನಾವಿಬ್ಬರು ಏನು ಮಾತಾಡಿದೆವೆಂದು ಅವರಿಗೆ ತಿಳಿಯಲಿಲ್ಲ. ನಾನು ಹೇಳಲೂ ಇಲ್ಲ.

ಫಲಿತಾಂಶ ಬಂದಾಗ ನಾಲ್ವರೂ ಗಣಿತದಲ್ಲಿ ಹೋಗಿದ್ದರು. ಗೌರಿಗೆ ಏಳು ಅಂಕ ಸಾಲದೆ ಹೋಗಿತ್ತು. ಉಳಿದ ವಿಷಯಗಳಲ್ಲಿ ಬಾಯಿಪಾಠದಿಂದ ದಾಟಿಕೊಂಡಿದ್ದಳು. ಬಸವರಾಜನ ಗುಂಪಿನ ನಾಲ್ವರೂ ಪಾಸು. ಯಾರೂ ಯಾರನ್ನೂ ನಂಬದೆ ಪ್ರತಿಯೊಬ್ಬನೂ ಪ್ರತಿ ಲೆಕ್ಕವನ್ನೂ ತಾನೇ ಮಾಡಿದ್ದ. ಬಸವರಾಜ ಪೇಡೆ ತಂದುಕೊಟ್ಟ. "ಟೀಚರ್, ಇನ್ನ ನಮ್ಮನ್ನ ನೋಡಿ ಕಲೀರಿ ಅಂತ ಹೇಳ್ರಿ ಎಲ್ಲಾರಿಗೂ," ಎಂದು ಹಲ್ಲು ಬಿಟ್ಟ.

ಆಗ ನಾನು ಮಾಡಬೇಕಾದದ್ದು ಒಂದೇ ಇತ್ತು. ಅಂದೇ ಗೌರಿಯ ಮನೆಗೆ ಹೋಗಬೇಕಿತ್ತು. ಸಪ್ಲಿಮೆಂಟರಿ ಪರೀಕ್ಷೆ ಇತ್ತು, ಒಂದೇ ವಿಷಯ, ಒಂದು ಬೆಳಗಿನ ಕೆಲಸ. ಅರ್ಜಿಯನ್ನು ನಾನೇ ತುಂಬಿ ಕಳಿಸಬಹುದಿತ್ತು. ಆದರೆ ಗ್ಯಾರಂಟಿ ಎಂದ ಬಾಯಿ ಇಟ್ಟುಕೊಂಡು ಆ ಹೊಸ್ತಿಲು ದಾಟುವ ಧೈರ್ಯ ನನಗೆ ಬರಲಿಲ್ಲ. ತಿಪ್ಪೇಸ್ವಾಮಿ ಬೈಯುತ್ತಾರೆ ಎಂಬ ಭಯವಲ್ಲ, ಬೈಯುವುದಿಲ್ಲ ಎಂದು ಗೊತ್ತಿತ್ತು. ರಜೆ ಇದೆಯೆಂದು ನೆಪ ಹೇಳಿಕೊಂಡು, ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಊರಿಗೆ ಬಂದೆ. ಎರಡು ವಾರಕ್ಕೂ ಮೀರಿ ಮನೆಯಲ್ಲಿ ಕೂತಿದ್ದೆ. ತಿರುಗಿ ಹೋದಾಗ ಅರ್ಜಿಯ ಕೊನೆಯ ದಿನ ದಾಟಿತ್ತು. ಸುಮ, ಮಲ್ಲಿಕ ಅರ್ಜಿ ಹಾಕಿದ್ದರು. ರೇಣುಕ ಹಾಕಿರಲಿಲ್ಲ. ಗೌರಿಯ ಮನೆಯಿಂದ ಯಾರೂ ಶಾಲೆಯ ಕಡೆ ಬಂದಿರಲಿಲ್ಲ.

ಅವತ್ತು ಮಧ್ಯಾಹ್ನ ಹೋದೆ. ಮಿಷನ್ನಿನ ಮುಂದೆ ಗೌರಿ ಕೂತಿದ್ದಳು. ಅವ್ವ ಗೋಡೆಗೆ ಒರಗಿ, ಕೈಗೆ ಸಿಕ್ಕ ಜೇಬುಗಳನ್ನು ತಡವಿ ತಡವಿ ಒಂದರ ಮೇಲೊಂದು ಜೋಡಿಸುತ್ತಿದ್ದರು.

"ಬರ್ರಿ ಟೀಚರ್, ಕೂಡ್ರಿ," ಎಂದರು ತಿಪ್ಪೇಸ್ವಾಮಿ. ಚಹಾ ತರಿಸಿದರು. ನಾನು ಮುಂದಿನ ಮಾರ್ಚಿಗೆ ಬರೆಯಬಹುದು ಎಂದೆ. ಅವರು ತಲೆಯಾಡಿಸಿ ಹೆಂಡತಿಯ ಕಡೆ ಕೈ ತೋರಿಸಿದರು. "ಇಬ್ರ ಕೆಲಸ ಒಬ್ಳ ಮಾಡಿದ್ಲು ವರ್ಸಪೂರ್ತಿ. ಈಗ ಸೂಜಿಗೆ ದಾರ ಕಾಣವಲ್ದು. ಡಾಕ್ಟ್ರು ಮಿಷನ್ ಮುಟ್ಟಬ್ಯಾಡ ಅಂದಾರ. ನಿಮ್ಮ ತಪ್ಪು ಅಂತ ಅನ್ನಂಗಿಲ್ರಿ. ನಾವ ಒಪ್ಪಿದ್ವಿ."

"ಟೀಚರಿಗೆ ಬಿಸ್ಕೀಟ್ ಕೊಡ್ರಿ," ಎಂದರು ಅವ್ವ, ನಾನು ಕೂತಿಲ್ಲದ ಕಡೆ ನೋಡುತ್ತ.

ನಾನು ದಿನವೂ ಒಂದು ಗಂಟೆ ಬಂದು ಕಲಿಸುತ್ತೇನೆ, ಪರೀಕ್ಷೆಯ ಮಾತು ಆಮೇಲೆ ಎಂದೆ. ಅವರು ಬೇಡ ಎನ್ನಲಿಲ್ಲ. "ಕೈ ನಿಲ್ಲಬಾರದು ಅಷ್ಟ" ಎಂದರು.

ಆ ಮೇ ತಿಂಗಳ ಕೊನೆಯ ದಿನಗಳಲ್ಲಿ ಹಾಗೇ ಹೋಗುತ್ತಿದ್ದೆ. ತಗಡಿನ ಚಾವಣಿ ಕಾದು ಸಿಡಿಯುತ್ತಿತ್ತು. ನಾನು ಮಿಷನ್ನಿನ ಪಕ್ಕ ಸ್ಟೂಲಿನ ಮೇಲೆ ಕೂತು ಹೇಳುತ್ತಿದ್ದೆ, ಅವಳು ಹೊಲಿಯುತ್ತ ಕೇಳುತ್ತಿದ್ದಳು. ಜೇಬಿನ ಮೂಲೆಗೆ ಬಂದಾಗ ಬಟ್ಟೆಯನ್ನು ಹಿಂದಕ್ಕೆ ಸರಿಸಿ ಎರಡು ಸಲ ಮತ್ತೆ ಹೊಲಿಗೆ ಹಾಕುತ್ತಿದ್ದಳು. ಒಂದು ಕಟ್ಟು ಮುಗಿದು ಇನ್ನೊಂದು ಬಿಚ್ಚುವ ನಡುವೆ, ಅಪ್ಪ ಅಳತೆ ಹಾಕಿ ಉಳಿಸಿದ ಕಂದು ಕಾಗದದ ಮೇಲೆ ಅಳತೆಯ ನೀಲಿ ಸೀಮೆಸುಣ್ಣದಿಂದ ಲೆಕ್ಕ ಮಾಡುತ್ತಿದ್ದಳು. ಮೊದಲು ರೇಣುಕನ ಪಾಲು. ಆಮೇಲೆ ಮಲ್ಲಿಕನದು.

ಜೂನ್‌ನಲ್ಲಿ ನನಗೆ ವರ್ಗವಾಯಿತು. ನಾನು ಕೇಳಿದ್ದ ವರ್ಗವೇ, ಆ ವರ್ಷ ಶುರುವಾಗುವ ಮೊದಲೇ ಅರ್ಜಿ ಕೊಟ್ಟಿದ್ದೆ. ಮರುವರ್ಷದ ಮಾರ್ಚಿನಲ್ಲಿ ಹಳೆಯ ಶಾಲೆಗೆ ಫೋನು ಮಾಡಿ ವಿಚಾರಿಸಿದೆ. ಪರೀಕ್ಷೆ ಬರೆದವರ ಪಟ್ಟಿಯಲ್ಲಿ ಗೌರಿಯ ಹೆಸರು ಇರಲಿಲ್ಲ. ಅದರ ಮುಂದಿನ ವರ್ಷ ವಿಚಾರಿಸಲಿಲ್ಲ.

ಈಗಲೂ ನಾನು ಮಕ್ಕಳನ್ನು ನಾಲ್ಕು ನಾಲ್ಕಾಗಿಯೇ ಕೂರಿಸುತ್ತೇನೆ. ಆ ಕ್ರಮದಲ್ಲಿ ತಪ್ಪಿರಲಿಲ್ಲ. ತಗಡಿನ ಡಬ್ಬಿ ಮೇಜಿನ ಮೇಲಿರುತ್ತದೆ, ದಿನವೂ ಚೀಟಿ ಎತ್ತುತ್ತೇನೆ. ಹೆಸರು ಬಂದ ಮಗು ಬೋರ್ಡಿನ ಮುಂದೆ ನಿಂತು ಅತ್ತರೆ, ಅಳು ನಿಲ್ಲುವವರೆಗೆ ಕಾಯುತ್ತೇನೆ. ಮರುದಿನ ಆ ಮಗು ಬಾರದಿದ್ದರೆ ಅಂದೇ ಸಂಜೆ ಮನೆಗೆ ಹೋಗುತ್ತೇನೆ. ಇದರಿಂದ ಗೌರಿಗೆ ಏನೂ ದಕ್ಕುವುದಿಲ್ಲ.

ಆ ಓಣಿಗೆ ನಾನು ಕೊನೆಯ ಸಲ ಹೋದದ್ದು ವರ್ಗದ ಆದೇಶ ಕೈಗೆ ಬಂದ ಮರುದಿನ. ಅದನ್ನು ಅವಳಿಗೆ ಹೇಳಿರಲಿಲ್ಲ. ಅಂದು ಉಳಿದಿದ್ದದ್ದು ಸುಮನ ಪಾಲು, ಶ್ರೇಢಿ. ಡಿಸೆಂಬರಿನಲ್ಲಿ ಅವಳು ಮುಟ್ಟದೆ ವಾಪಸು ಕೊಟ್ಟಿದ್ದ ಲೆಕ್ಕವನ್ನೇ ಕಂದು ಕಾಗದದ ಮೇಲೆ ಬರೆದುಕೊಟ್ಟೆ. ಮೊದಲ ಸಂಖ್ಯೆ ಯಾವುದು, ಪ್ರತಿ ಸಲ ಎಷ್ಟು ಕೂಡುತ್ತಾ ಹೋಗುತ್ತೇವೆ, ಎಷ್ಟನೆಯದು ಬೇಕು ಎಂದು ಒಮ್ಮೆ ಹೇಳಿದೆ. ಅವಳು ಒಂದು ಕಾಲನ್ನು ಮಿಷನ್ನಿನ ಪೆಡಲಿನ ಮೇಲೇ ಇಟ್ಟುಕೊಂಡು, ಬಗ್ಗಿ ಬರೆದಳು. ಮೂರು ಸಾಲು. ಉತ್ತರ ಸರಿಯಾಗಿತ್ತು. ಇನ್ನೊಂದು ಕೊಟ್ಟೆ, ಕಷ್ಟದ್ದು. ಅದನ್ನೂ ಮಾಡಿದಳು.

ಆಮೇಲೆ ಸೀಮೆಸುಣ್ಣವನ್ನು ಕೆಳಗಿಡದೆ ಆ ಕಾಗದವನ್ನೇ ಸುಮಾರು ಹೊತ್ತು ನೋಡಿದಳು.

"ಇಷ್ಟ ಏನ್ರಿ ಟೀಚರ್ ಇದು?"

"ಹೌದಮ್ಮ," ಎಂದೆ. "ಇಷ್ಟೇ."

ಅವಳು ಕಾಗದವನ್ನು ಮಡಿಸಿ ಮಿಷನ್ನಿನ ಡ್ರಾಯರಿನೊಳಗಿಟ್ಟು, ಮುಂದಿನ ಜೇಬನ್ನು ಸೂಜಿಯ ಕೆಳಗೆ ಸರಿಸಿದಳು.